ಚೀಟಿ ಮಾಡಿಸಿದವರು, ಮಾಡಿಸದವರು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿಯ ಸರ್ಕಾರಿ ದವಾಖಾನೆಗಳನ್ನು ಯಾವ ವಯಸ್ಸಿನವರು ಎಷ್ಟು ಬಳಸುತ್ತಾರೆ, ಗಂಡಸರೆಷ್ಟು, ಹೆಂಗಸರೆಷ್ಟು ಎಂಬುದಕ್ಕೆ ಒಂದು ಸ್ಥೂಲ ಆಕಾರವಿದೆ. ಹುಟ್ಟಿದ ಮೊದಲ ವರ್ಷದಲ್ಲಿ ಬಳಕೆ ಹೆಚ್ಚು. ಐದರಿಂದ ಹದಿನೈದರವರೆಗೆ ತೀರ ಕಡಿಮೆ. ಹದಿನೆಂಟರಿಂದ ಮೂವತ್ತರ ನಡುವೆ ಹೆಣ್ಣುಮಕ್ಕಳ ಸಂಖ್ಯೆ ಒಮ್ಮೆಲೇ ಏರುತ್ತದೆ, ಮೂವತ್ತು ದಾಟುತ್ತಿದ್ದಂತೆ ಇಳಿಯುತ್ತದೆ. ಗಂಡಸರ ಸಂಖ್ಯೆ ನಿಧಾನವಾಗಿ ಮೇಲೇರುತ್ತ ನಡುವಯಸ್ಸಿನಲ್ಲಿ ಎದ್ದು ಕಾಣುತ್ತದೆ. ಅರವತ್ತರ ನಂತರ ಇಬ್ಬರದೂ ಏರಬೇಕು; ಏರುತ್ತದೆ, ಆದರೆ ಸಮನಾಗಿ ಅಲ್ಲ. ಗ್ರಾಮೀಣ ಭಾರತದ ಬಹುಪಾಲು ಆಸ್ಪತ್ರೆಗಳ ಚಿತ್ರವೂ ಹೆಚ್ಚುಕಡಿಮೆ ಇದೇ. ಈ ಏರಿಳಿತದಲ್ಲಿ ದೇಹದ ಪಾಲೆಷ್ಟು, ಮನೆ, ದುಡ್ಡು ಮತ್ತು ದಾರಿಯ ಪಾಲೆಷ್ಟು ಎಂದು ಬಿಡಿಸಿ ನೋಡದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ.

ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿರುವುದು ಬಂದವರ ಹೆಸರು. ಜಡ್ಡಾಗಿ ಮನೆಯಲ್ಲೇ ಮಲಗಿದವರು, ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ನುಂಗಿದವರು, ಊರಿನ ಖಾಸಗಿ ಡಾಕ್ಟರರ ಹತ್ತಿರ ಸೂಜಿ ಮಾಡಿಸಿಕೊಂಡವರು ಅದರಲ್ಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತು 2017-18ರಲ್ಲಿ ಮನೆಮನೆಗೆ ಹೋಗಿ ಕೇಳಿತು. ಹಿಂದಿನ 15 ದಿನಗಳಲ್ಲಿ ಕಾಯಿಲೆ ಇತ್ತು ಎಂದವರು ಗ್ರಾಮೀಣ ಗಂಡಸರಲ್ಲಿ ಶೇ. 6.1, ಹೆಂಗಸರಲ್ಲಿ ಶೇ. 7.6. ಅರವತ್ತು ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹಾಗೆ ಹೇಳಿದರು. ಅದೇ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ಒಳರೋಗಿಗಳಾಗಿ ದಾಖಲಾದವರಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದವರು ಸುಮಾರು ಶೇ. 46, ಹೊರರೋಗಿಗಳಲ್ಲಿ ಮೂರನೆಯ ಒಂದು ಪಾಲು. ಎಂದರೆ ತಾಲ್ಲೂಕು ಆಸ್ಪತ್ರೆಯ ಅಂಕಿ ಎಷ್ಟೇ ನಿಖರವಾಗಿದ್ದರೂ ಅದು ಊರಿನ ಕಾಯಿಲೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಪಾಲಿನ ಲೆಕ್ಕ.

ಕಾಯಿಲೆಗೂ ಆಸ್ಪತ್ರೆಯ ದಾಖಲೆಗೂ ನಡುವಿನ ಈ ಅಂತರದ ಅರ್ಥವನ್ನು ಜೋಸೆಲಿನ್ ಕಿಂಚ್ ಮತ್ತು ಅಮರ್ತ್ಯ ಸೇನ್ 1983ರಷ್ಟು ಹಿಂದೆಯೇ ತೋರಿಸಿದ್ದರು. ಮುಂಬಯಿಯ ಆಸ್ಪತ್ರೆಗಳ ದಾಖಲೆ ನೋಡಿದ ಅವರಿಗೆ ಕಂಡದ್ದು ಇದು: ಗಂಡಸರನ್ನು ಕರೆತರುವ ಹೊತ್ತಿಗೆ ಇರುವುದಕ್ಕಿಂತ ಹೆಚ್ಚು ತೀವ್ರವಾದ ಕಾಯಿಲೆ ಇದ್ದಾಗಲಷ್ಟೇ ಹೆಂಗಸರನ್ನು ಆಸ್ಪತ್ರೆಗೆ ಕರೆತರಲಾಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಇದೇ ಪ್ರಶ್ನೆಯನ್ನು ಕೊಪ್ಪಳ ಜಿಲ್ಲೆಯಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಅವರ ಸಂಗಡಿಗರು ಕೈಗೆತ್ತಿಕೊಂಡರು. ದೀರ್ಘಕಾಲದ ಕಾಯಿಲೆಗೆ ಔಷಧವನ್ನೇ ಶುರುಮಾಡದೆ ಬಿಡುವುದು, ಶುರುಮಾಡಿ ಅರ್ಧಕ್ಕೇ ನಿಲ್ಲಿಸುವುದು ಹೆಂಗಸರಲ್ಲಿ ಹೆಚ್ಚು, ಬಡ ಹೆಂಗಸರಲ್ಲಿ ಇನ್ನೂ ಹೆಚ್ಚು ಎಂದು ಆ ಅಧ್ಯಯನ ಕಂಡುಕೊಂಡಿತು. ತುಸು ಅನುಕೂಲಸ್ಥ ಮನೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಕೊಪ್ಪಳಕ್ಕೂ ಈ ನಾಲ್ಕು ತಾಲ್ಲೂಕುಗಳಿಗೂ ಮಳೆ, ಬೆಳೆ, ಗುಳೆ, ಮದುವೆಯ ವಯಸ್ಸು ಎಲ್ಲದರಲ್ಲೂ ಹೋಲಿಕೆ ಇದೆ.

ಮೊದಲು ನೆಲವನ್ನು ಗಮನಿಸಬೇಕು. 2011ರ ಜನಗಣತಿಯಂತೆ ಆಗಿನ ವಿಜಾಪುರ ಜಿಲ್ಲೆಯ ಜನಸಂಖ್ಯೆ 21,77,331. ಸಾವಿರ ಗಂಡಸರಿಗೆ 960 ಹೆಂಗಸರು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ 931 ಹೆಣ್ಣುಮಕ್ಕಳು. ಸಾಕ್ಷರತೆ ಗಂಡಸರಲ್ಲಿ ಶೇ. 77, ಹೆಂಗಸರಲ್ಲಿ ಶೇ. 57ರ ಆಸುಪಾಸು. ಆಗ ಜಿಲ್ಲೆಯಲ್ಲಿದ್ದದ್ದು ಐದೇ ತಾಲ್ಲೂಕು: ವಿಜಾಪುರ ಮತ್ತು ಈ ನಾಲ್ಕು. ಚಡಚಣ, ತಾಳಿಕೋಟೆ, ದೇವರಹಿಪ್ಪರಗಿ, ನಿಡಗುಂದಿ, ಕೊಲ್ಹಾರ, ಆಲಮೇಲ ಮುಂತಾದ ಹೊಸ ತಾಲ್ಲೂಕುಗಳು ಕಾಗದದ ಮೇಲೆ ಬೇರೆಯಾದರೂ ದೊಡ್ಡ ಜಡ್ಡು ಬಂದರೆ ಅಲ್ಲಿನವರು ಮೊದಲು ಬರುವುದು ಬಹುಮಟ್ಟಿಗೆ ಹಳೆಯ ತಾಲ್ಲೂಕು ಕೇಂದ್ರದ ಆಸ್ಪತ್ರೆಗೇ.

ಅಲ್ಲಿಂದ ಮುಂದಿನ ದಾರಿ ನಾಲ್ಕೂ ಕಡೆ ಬೇರೆ ಬೇರೆ. ಬಸವನಬಾಗೇವಾಡಿಯಿಂದ ವಿಜಯಪುರ ಸುಮಾರು 45 ಕಿ.ಮೀ.; ಜಿಲ್ಲಾ ಆಸ್ಪತ್ರೆ, ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಅಲ್-ಅಮೀನ್ ವೈದ್ಯಕೀಯ ಕಾಲೇಜು ಎಲ್ಲ ಅಲ್ಲೇ ಇವೆ. ಇಂಡಿಯವರು ವಿಜಯಪುರಕ್ಕೆ ಹೋಗುವಷ್ಟೇ ಸಲೀಸಾಗಿ ಭೀಮೆ ದಾಟಿ ಸೊಲ್ಲಾಪುರಕ್ಕೆ ಹೋಗುತ್ತಾರೆ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಬಂಧುಬಳಗವೂ ಇದೆ. ಸಿಂದಗಿಯವರಿಗೆ ಕಲಬುರಗಿಯ ಆಸರೆ, ಮುದ್ದೇಬಿಹಾಳದವರಿಗೆ ಬಾಗಲಕೋಟೆಯ ಆಸರೆ. ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗೆ ರೈಲಿಲ್ಲ, ಬಸ್ಸು ಅಥವಾ ಬಾಡಿಗೆ ಗಾಡಿಯೇ ಗತಿ. ಹೀಗಾಗಿ ಒಂದು ತಾಲ್ಲೂಕಿನ ದೊಡ್ಡ ಕಾಯಿಲೆಗಳ ಲೆಕ್ಕ ಮೂರು ಜಿಲ್ಲೆ, ಎರಡು ರಾಜ್ಯಗಳಲ್ಲಿ ಚದುರಿಹೋಗಿರುತ್ತದೆ. ದಾರಿ ದೂರವಾದಷ್ಟೂ ಗಂಡು-ಹೆಣ್ಣಿನ ಅಂತರ ಹಿಗ್ಗುತ್ತದೆ ಎಂಬುದನ್ನು ಮುಂದೆ ನೋಡಬಹುದು.

ಹುಟ್ಟಿದ ಮೊದಲ ತಿಂಗಳಲ್ಲಿ ಗಂಡುಮಗು ಹೆಚ್ಚು ನಾಜೂಕು. ದಿನ ತುಂಬದೆ ಹುಟ್ಟಿದಾಗ ಉಸಿರಾಟದ ತೊಂದರೆ, ಸೋಂಕು ಗಂಡುಮಕ್ಕಳಿಗೆ ಹೆಚ್ಚು. ಆದ್ದರಿಂದ ನವಜಾತ ಶಿಶು ಘಟಕಗಳಲ್ಲಿ ಗಂಡುಮಕ್ಕಳು ಸ್ವಲ್ಪ ಹೆಚ್ಚಿದ್ದರೆ ಅದು ಪ್ರಕೃತಿಯ ಲೆಕ್ಕವೇ. ಆದರೆ 2017ರಲ್ಲಿ ದೇಶದ ಸರ್ಕಾರಿ ವಿಶೇಷ ನವಜಾತ ಶಿಶು ಘಟಕಗಳಿಗೆ ದಾಖಲಾದ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಸುಮಾರು ಒಂದೂವರೆ ಲಕ್ಷ ಕಡಿಮೆ ಎಂದು ಯುನಿಸೆಫ್ ಹೇಳಿತು. ಅಷ್ಟು ದೊಡ್ಡ ಅಂತರವನ್ನು ಪ್ರಕೃತಿಯ ತಲೆಗೆ ಕಟ್ಟಲಾಗದು. ತಾಲ್ಲೂಕು ಆಸ್ಪತ್ರೆಯಲ್ಲಿರುವುದು ಶಿಶುವನ್ನು ಸ್ಥಿರಗೊಳಿಸುವ ಸಣ್ಣ ಘಟಕ. ಹೆಚ್ಚಿನ ಆರೈಕೆ ಬೇಕಾದರೆ ವಿಜಯಪುರಕ್ಕೆ ಒಯ್ಯಬೇಕು. ಬಾಣಂತಿ ಒಂದು ಕಡೆ, ಕೂಸು ಇನ್ನೊಂದು ಕಡೆ, ಜೊತೆಗಿರಲು ಎರಡು ಜೀವ, ಊಟ, ಬಾಡಿಗೆ. ಒಯ್ಯುವುದೋ ಬೇಡವೋ ಎಂದು ಮನೆಯವರು ಯೋಚಿಸುವ ಆ ಗಳಿಗೆಯಲ್ಲಿ ಕೂಸು ಗಂಡೋ ಹೆಣ್ಣೋ ಎಂಬುದು ತೂಕಕ್ಕೆ ಬರುತ್ತದೆ, ಅದರಲ್ಲೂ ಮೂರನೆಯ, ನಾಲ್ಕನೆಯ ಹೆಣ್ಣುಕೂಸಾದರೆ. ಲಸಿಕೆಯಲ್ಲಿ ಮಾತ್ರ ಈ ಭೇದ ಬಹುತೇಕ ಕಾಣುವುದಿಲ್ಲ. ಸೂಜಿ ಅಂಗನವಾಡಿಗೇ ಬರುತ್ತದೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬಂದು ಕರೆಯುತ್ತಾಳೆ. ಸೇವೆ ಓಣಿಗೇ ಬಂದಲ್ಲಿ ಭೇದ ಕರಗುತ್ತದೆ, ಖರ್ಚು ಮಾಡಿ ದೂರ ಹೋಗಬೇಕಾದಲ್ಲಿ ತಲೆಯೆತ್ತುತ್ತದೆ.

ಐದರಿಂದ ಹದಿನೈದರವರೆಗಿನ ಮಕ್ಕಳು ಆರೋಗ್ಯವಂತರು, ಆಸ್ಪತ್ರೆಗೆ ಬರುವುದು ಕಡಿಮೆ. ಬಿದ್ದು ಕೈ ಮುರಿದುಕೊಂಡ ಹುಡುಗರು, ಜ್ವರ, ವಾಂತಿಭೇದಿ, ಚೇಳು ಕಡಿತ ಇಷ್ಟೇ.

ಹದಿನೈದರ ನಂತರ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಹೊರರೋಗಿ ಚೀಟಿಯ ಕಿಟಕಿಯಲ್ಲಿ ವಯಸ್ಸು ಕೇಳಿದಾಗ ಸಿಗುವ ಉತ್ತರ ಬಹಳ ಸಲ ಅಂದಾಜಿನದು. ಮುಂದೆ ನಿಂತ ಮುದುಕಿ ‘ನೀವೇ ಬರ್ಕೋರಿ’ ಎನ್ನುತ್ತಾಳೆ. ಕಿಟಕಿಯೊಳಗಿನವರು ಮುಖ ನೋಡಿ ಅರವತ್ತು ಎಂದು ಬರೆಯುತ್ತಾರೆ, ಆಕೆಗೆ ಅರವತ್ತೆಂಟು ಇರಬಹುದು. ಅದಕ್ಕೇ ಇಂಥ ಪುಸ್ತಕಗಳಲ್ಲಿ 25, 30, 40, 50, 60 ಎಂಬ ದುಂಡು ವಯಸ್ಸುಗಳು ಗುಂಪುಗಟ್ಟುತ್ತವೆ, ನಡುವಿನ ವಯಸ್ಸುಗಳು ಬರಿದಾಗಿರುತ್ತವೆ. ಹದಿಹರೆಯದ ಗರ್ಭಿಣಿಯರ ವಿಷಯದಲ್ಲಿ ತಪ್ಪು ಇನ್ನೊಂದು ಬಗೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಜನರ ಮದುವೆ ಹದಿನೆಂಟು ತುಂಬುವ ಮೊದಲೇ ಆಗಿತ್ತು. ವಿಜಯಪುರ ಜಿಲ್ಲೆ ಈ ಸರಾಸರಿಗಿಂತ ಸಾಕಷ್ಟು ಮೇಲಿದೆ. 2012ರ ಪೋಕ್ಸೋ ಕಾಯ್ದೆಯಂತೆ ಹದಿನೆಂಟರೊಳಗಿನ ಗರ್ಭಿಣಿ ಬಂದರೆ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಹೊಣೆ. ಮಕ್ಕಳ ರಕ್ಷಣೆಗೆ ಬಂದ ಕಾಯ್ದೆ ಅದು, ಬೇಕಾದದ್ದೇ. ಆದರೆ ಕೇಸಾಗುತ್ತದೆಂದು ಹೆದರಿದ ಮನೆಯವರು ಹುಡುಗಿಯ ವಯಸ್ಸನ್ನು ಹತ್ತೊಂಬತ್ತು ಎಂದು ಹೇಳುತ್ತಾರೆ, ಇಲ್ಲವೇ ತಿಂಗಳು ತುಂಬುವವರೆಗೆ ದವಾಖಾನೆಯ ಮುಖ ತೋರಿಸುವುದಿಲ್ಲ. ರಕ್ತಹೀನತೆ, ಏರಿದ ಬಿಪಿ ಪತ್ತೆಯಾಗಬೇಕಾದ ತಿಂಗಳುಗಳು ಹಾಗೇ ಕಳೆದುಹೋಗುತ್ತವೆ. ಆಸ್ಪತ್ರೆಯ ಪುಸ್ತಕದಲ್ಲಿ ಹದಿನಾರು, ಹದಿನೇಳರ ಗರ್ಭಿಣಿಯರು ವಿರಳವಾಗಿದ್ದರೆ ಅದರಿಂದ ಸಮಾಧಾನಪಡುವಂತಿಲ್ಲ.

ಹೆರಿಗೆಯ ವಯಸ್ಸಿನಲ್ಲಿ ಹೆಣ್ಣುಮಕ್ಕಳ ಬಳಕೆ ಏರಿರುವುದು ಕಳೆದ ಎರಡು ದಶಕಗಳ ನಿಜವಾದ ಸಾಧನೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, 2008ರಲ್ಲಿ 108 ಆಂಬುಲೆನ್ಸ್, 2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದವು. ಔಷಧ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಉಚಿತವಾಯಿತು. ತಾಯಿಕಾರ್ಡು ಹಿಡಿದು ಬರುವುದು ರೂಢಿಯಾಯಿತು. ಸೂಲಗಿತ್ತಿಯರ ಕೈಯಲ್ಲೇ ಹೆರಿಗೆಯಾಗುತ್ತಿದ್ದ ನಾಡಿನಲ್ಲಿ, 2019-21ರ ಹೊತ್ತಿಗೆ ಕರ್ನಾಟಕದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಒಂದು ತಲೆಮಾರಿನೊಳಗೆ ಜನರ ನಡವಳಿಕೆ ಇಷ್ಟು ಬದಲಾದ ಉದಾಹರಣೆ ಸಾರ್ವಜನಿಕ ಆರೋಗ್ಯದಲ್ಲಿ ಹೆಚ್ಚಿಲ್ಲ. ಹಳ್ಳಿಯ ಹೆಂಗಸರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ಹಳೆಯ ದೂರಿಗೆ ಇದೇ ಉತ್ತರ. ಗಾಡಿ ಬಂದರೆ, ದುಡ್ಡು ಕೇಳದಿದ್ದರೆ, ಕರೆಯಲು ಒಬ್ಬಳು ಗುರುತಿನವಳಿದ್ದರೆ ಬರುತ್ತಾರೆ.

ಈ ಏರಿಕೆಯೊಳಗೆ ಒಂದು ಸ್ಥಳೀಯ ತೊಡಕೂ ಇದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಎಷ್ಟೋ ಮನೆಗಳಲ್ಲಿ ಎರಡನೆಯದೂ. ಸೊಲ್ಲಾಪುರ, ಅಕ್ಕಲಕೋಟೆ ಕಡೆಗೆ ಕೊಟ್ಟ ಮಗಳು ಹೆರಿಗೆಗೆ ಇಂಡಿಗೆ ಬರುತ್ತಾಳೆ. ಇಂಡಿಯ ಸೊಸೆ ಜತ್ತಕ್ಕೋ ಸಿಂದಗಿಗೋ ಹೋಗುತ್ತಾಳೆ. ಗರ್ಭಿಣಿಯ ಮೊದಲ ಆರೇಳು ತಿಂಗಳ ತಪಾಸಣೆ ಒಂದು ರಾಜ್ಯದ ಪುಸ್ತಕದಲ್ಲಿ, ಹೆರಿಗೆ ಇನ್ನೊಂದು ರಾಜ್ಯದ ಪುಸ್ತಕದಲ್ಲಿ. ಅತ್ತ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಪುಣೆ, ಸಾಂಗ್ಲಿ, ಗೋವೆಗೆ ಹೋದ ಗಂಡಸರ ಜ್ವರ, ಪೆಟ್ಟು, ಕ್ಷಯ ದಾಖಲಾಗುವುದು ಆ ಊರುಗಳಲ್ಲಿ. ಹೀಗೆ ತಾಲ್ಲೂಕಿನ ಆಸ್ಪತ್ರೆಯಲ್ಲಿ ಹೊರಗಿನ ಹೆಣ್ಣುಮಕ್ಕಳು ಸೇರುತ್ತಾರೆ, ಒಳಗಿನ ಗಂಡಸರು ಬಿಟ್ಟುಹೋಗುತ್ತಾರೆ. ತಾಲ್ಲೂಕಿನ ಜನಸಂಖ್ಯೆಯಿಂದ ಭಾಗಿಸಿ ದರ ಕಟ್ಟಿದರೆ ಹೆಣ್ಣಿನ ಬಳಕೆ ಇರುವುದಕ್ಕಿಂತ ದೊಡ್ಡದಾಗಿ, ಗಂಡಿನದು ಚಿಕ್ಕದಾಗಿ ಕಾಣುತ್ತದೆ. ಊರು, ತವರು, ಗಂಡನ ಮನೆ ಮೂರನ್ನೂ ಬರೆದಿಡುವ ಒಂದು ಹೆಚ್ಚಿನ ಕಾಲಂ ಈ ತಪ್ಪನ್ನು ಬಹಳಷ್ಟು ತಿದ್ದಬಲ್ಲದು.

ಕುಟುಂಬ ಯೋಜನೆಯ ಹೊರೆ ಪೂರ್ತಿ ಹೆಣ್ಣಿನದೇ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 57ರಷ್ಟು ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಶಸ್ತ್ರಚಿಕಿತ್ಸೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಗಂಡಸರಿಗೆ ಅದು ಹೊಲಿಗೆಯೂ ಬೇಡದ ಸಣ್ಣ ಕೆಲಸ, ಹೆಣ್ಣಿಗೆ ಹೊಟ್ಟೆ ಕೊಯ್ಯುವ ಕೆಲಸ. ಎರಡು, ಮೂರು ಹೆರಿಗೆ, ಆಮೇಲೆ ‘ಆಪರೇಷನ್’: ಇಪ್ಪತ್ತಾರು, ಇಪ್ಪತ್ತೇಳರ ಹೊತ್ತಿಗೆ ಬಹಳಷ್ಟು ಹೆಂಗಸರ ಮಟ್ಟಿಗೆ ಸರ್ಕಾರಿ ದವಾಖಾನೆಯ ಕೆಲಸ ಮುಗಿದುಹೋಗುತ್ತದೆ. ತಾಯಿಕಾರ್ಡು ಟ್ರಂಕಿನ ತಳ ಸೇರುತ್ತದೆ. ಅಲ್ಲಿಂದ ಮುಂದೆ ಆಕೆಯನ್ನು ಕರೆಯಲು ಯಾರೂ ಬರುವುದಿಲ್ಲ.

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಎಲ್ಲ ವಯಸ್ಸನ್ನೂ ಕೂಡಿಸಿ ನೋಡಿದರೆ ಸರ್ಕಾರಿ ಆಸ್ಪತ್ರೆಗಳನ್ನು ಹೆಂಗಸರೇ ಹೆಚ್ಚು ಬಳಸುವಂತೆ ಕಾಣುತ್ತದೆ. ಆ ಮೊತ್ತದಿಂದ ಹೆರಿಗೆ, ಗರ್ಭಿಣಿಯರ ತಪಾಸಣೆ, ಸಂತಾನಹರಣ ಮೂರನ್ನು ಕಳೆದರೆ ಮುನ್ನಡೆ ಕರಗುತ್ತದೆ, ಮೂವತ್ತೈದು ದಾಟಿದವರಲ್ಲಿ ಹಿನ್ನಡೆಯಾಗುತ್ತದೆ. ಆರೋಗ್ಯ ವ್ಯವಸ್ಥೆ ಹೆಣ್ಣನ್ನು ಗುರುತಿಸಿರುವುದು ತಾಯಿಯೆಂದು. ತಾಯ್ತನದ ಆಚೆ ಆಕೆಗೂ ಒಂದು ದೇಹವಿದೆ ಎಂಬುದಕ್ಕೆ ಆಸ್ಪತ್ರೆಯ ಪುಸ್ತಕದಲ್ಲಿ ಸಾಕ್ಷಿ ತೀರ ಕಡಿಮೆ. ಕಾಯಿಲೆ ಇಲ್ಲವೆಂದಲ್ಲ. 2019-21ರ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49ರ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ, ಶೇ. 47.8ರಷ್ಟು ಜನರಿಗೆ, ರಕ್ತಹೀನತೆ ಇದೆ. ಏರಿದ ರಕ್ತದೊತ್ತಡ ನಾಲ್ವರಲ್ಲಿ ಒಬ್ಬರಿಗೆ, ಗಂಡಸರಿಗಿಂತ ಹೆಚ್ಚು ಕಡಿಮೆಯೇನಿಲ್ಲ. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಒಮ್ಮೆಯಾದರೂ ಆದವರು ನೂರರಲ್ಲಿ ಒಬ್ಬರೂ ಇಲ್ಲ. ಬಿಳಿ ಮುಟ್ಟು, ಅತಿಸ್ರಾವ, ಗರ್ಭಕೋಶ ಜಾರುವುದು, ಸೊಂಟನೋವು ಇವನ್ನು ಹೇಳಿಕೊಳ್ಳಲು ಲೇಡಿ ಡಾಕ್ಟರ್ ಬೇಕು, ಮರೆ ಬೇಕು, ಬಿಡುವು ಬೇಕು. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ, ಲಿಂಬೆ ಹರಿಯುವ ದಿನಗೂಲಿ ಬಿಟ್ಟು ಬರಲು ಬಿಡುವೆಲ್ಲಿ? ಸಂತೆಗೆ ಬಂದ ದಿನವೇ ದವಾಖಾನೆಗೂ ಬರುವುದು, ಅದೂ ಮಗುವಿನ ಕೆಮ್ಮಿನ ನೆಪದಲ್ಲಿ. ಮಗುವಿಗೆ ಔಷಧ ಬರೆಸಿಕೊಂಡ ಮೇಲೆ ತನ್ನ ನೋವಿನ ಮಾತು ಕೊನೆಗೆ, ಅರ್ಧ ಬಾಯಲ್ಲಿ ಬರುತ್ತದೆ. ಅದಕ್ಕೆ ಬೇರೆ ಚೀಟಿ ಇರುವುದಿಲ್ಲ. ಲೆಕ್ಕದಲ್ಲಿ ಆಕೆ ಬಂದೇ ಇರುವುದಿಲ್ಲ.

ಸರ್ಕಾರಿ ಆಸ್ಪತ್ರೆ ಬಿಟ್ಟ ಜಾಗವನ್ನು ಬೇರೆಯವರು ತುಂಬುತ್ತಾರೆ. ಕಳೆದ ದಶಕದಲ್ಲಿ ನೆರೆಯ ಕಲಬುರಗಿ ಜಿಲ್ಲೆಯ ತಾಂಡಾಗಳ ಮತ್ತು ಹಳ್ಳಿಗಳ ಚಿಕ್ಕ ವಯಸ್ಸಿನ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರು ಎದ್ದು, ಹೋರಾಟ ನಡೆದು, ಸರ್ಕಾರ ತನಿಖೆ ಮಾಡಿಸಬೇಕಾಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯದಲ್ಲೂ ಇದೇ ನಡೆಯಿತು. ಹೊಟ್ಟೆನೋವು, ಬಿಳಿ ಮುಟ್ಟೆಂದು ಹೋದ ಹೆಣ್ಣಿಗೆ ಗುಳಿಗೆಯಿಂದ ವಾಸಿಯಾಗುವ ಸೋಂಕು ಇರಬಹುದು. ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಪರೀಕ್ಷಿಸಿ ಔಷಧ ಕೊಟ್ಟಿದ್ದರೆ ಸಾಲ ಮಾಡಿ ಗರ್ಭಕೋಶ ತೆಗೆಸಿಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ. ಇಂಥ ಶಸ್ತ್ರಚಿಕಿತ್ಸೆಯೂ ಅಂಕಿ-ಅಂಶದಲ್ಲಿ ‘ಹೆಣ್ಣಿನ ಆಸ್ಪತ್ರೆ ಬಳಕೆ’ ಎಂದೇ ಸೇರುತ್ತದೆ. ಬಳಕೆ ಹೆಚ್ಚಾದದ್ದೆಲ್ಲ ಒಳಿತಲ್ಲ.

ಗಂಡಸರ ಕಥೆ ಬೇರೆ, ಅದೂ ಸುಖದ್ದಲ್ಲ. ಇಪ್ಪತ್ತರಿಂದ ನಲವತ್ತೈದರ ಗಂಡಸು ಹೊರರೋಗಿ ಸಾಲಿನಲ್ಲಿ ಕಾಣುವುದು ಕಡಿಮೆ, ತುರ್ತು ವಿಭಾಗದಲ್ಲಿ ಹೆಚ್ಚು. ಸೊಲ್ಲಾಪುರ–ಹುಬ್ಬಳ್ಳಿ ಹೆದ್ದಾರಿಯ ಬೈಕ್ ಅಪಘಾತ, ರಾತ್ರಿ ಹೊಲಕ್ಕೆ ನೀರು ಬಿಡಲು ಹೋದಾಗ ಹಾವು ಕಡಿತ, ಸಾಲದ ಸಂಕಟಕ್ಕೆ ಕುಡಿದ ಕೀಟನಾಶಕ, ಸಾರಾಯಿಯಿಂದ ಕೆಟ್ಟ ಯಕೃತ್ತು. ಆಸ್ಪತ್ರೆಯ ಹೊರರೋಗಿ ವೇಳೆಯೂ ಕೂಲಿಯ ವೇಳೆಯೂ ಒಂದೇ ಆದ್ದರಿಂದ ಸಣ್ಣ ಜಡ್ಡಿಗೆ ಆತ ಸಂಜೆ ಖಾಸಗಿ ಡಾಕ್ಟರರಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಮರುದಿನ ದುಡಿಯಲು ಹೋಗುತ್ತಾನೆ. ಬಿಪಿ, ಸಕ್ಕರೆ ಇರುವುದು ಪತ್ತೆಯಾಗುವುದು ಎದೆನೋವು ಬಂದ ದಿನ. ಕ್ಷಯ ಗಂಡಸರಲ್ಲೇ ಹೆಚ್ಚು. ಆದರೆ ತಿಂಗಳುಗಟ್ಟಲೆ ಕೆಮ್ಮಿ, ಗುಳೆಯಿಂದ ಮರಳಿದ ಮೇಲಷ್ಟೇ ಕಫ ಪರೀಕ್ಷೆ. ಎಚ್‌ಐವಿಯಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿತ್ತು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಒಂದು ಕಾಲಕ್ಕೆ ರಾಜ್ಯದಲ್ಲಿ ಸೋಂಕು ಹೆಚ್ಚಿದ್ದ ಪ್ರದೇಶಗಳು. ಗರ್ಭಿಣಿಯರಿಗೆ ಪರೀಕ್ಷೆ ಕಡ್ಡಾಯವೆಂಬಷ್ಟು ರೂಢಿಯಾದಾಗ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಗೊತ್ತಾದದ್ದು ಹೆಂಡತಿಗೆ. ಅದನ್ನು ತಂದ ಗಂಡ ಪರೀಕ್ಷೆಗೆ ಬಂದದ್ದು ಹಾಸಿಗೆ ಹಿಡಿದ ಮೇಲೆ. ಹೆರಿಗೆಯೆಂಬ ಬಾಗಿಲು ಹೆಣ್ಣಿಗಾದರೂ ಇದೆ. ದುಡಿಯುವ ವಯಸ್ಸಿನ ಗಂಡಸಿಗೆ ಅಂಥ ಬಾಗಿಲೇ ಇಲ್ಲ.

ಅರವತ್ತು ದಾಟಿದವರಲ್ಲಿ ಹೆಂಗಸರ ಸಂಖ್ಯೆ ಗಂಡಸರಿಗಿಂತ ಹೆಚ್ಚು, ಕಣ್ಣಿನ ಪೊರೆ, ಮೊಣಕಾಲು ನೋವು, ಮೂಳೆ ಸವೆತ ಎಲ್ಲವೂ ಹೆಚ್ಚು. ಆದರೂ ದಾಖಲಾಗುವವರಲ್ಲಿ ಗಂಡಸರದೇ ಮೇಲುಗೈ. ಹೊಲ ಗಂಡನ ಹೆಸರಿನಲ್ಲಿ, ಪಿಂಚಣಿ ಇದ್ದರೆ ಗಂಡನದು. ವಿಧವೆಯಾದರೆ ಮಗನ ಕೈ ನೋಡಬೇಕು. ‘ಇನ್ನೆಷ್ಟು ದಿನ, ನನಗ್ಯಾಕ ದವಾಖಾನಿ’ ಎಂದು ಮುದುಕಿಯೇ ಹೇಳುತ್ತಾಳೆ, ಮನೆಯವರು ಅದನ್ನು ಒಪ್ಪಿಕೊಂಡುಬಿಡುತ್ತಾರೆ. ಇದು ಆಕೆಯ ಆಯ್ಕೆ ಎನ್ನುವವರಿದ್ದಾರೆ. ಖರ್ಚು ಯಾರದೆಂದು ಗೊತ್ತಿದ್ದು ಆಡುವ ಮಾತನ್ನು ಆಯ್ಕೆ ಎನ್ನುವುದು ಕ್ರೌರ್ಯ. ಕಣ್ಣಿನ ಶಿಬಿರದ ಬಸ್ಸು ಊರಿಗೇ ಬಂದು ಕರೆದೊಯ್ದು ವಾಪಸ್ಸು ಬಿಟ್ಟರೆ ಅದೇ ಮುದುಕಿ ಸೀರೆ ಬದಲಿಸಿ ಮೊದಲಿಗಳಾಗಿ ಬಂದು ನಿಲ್ಲುತ್ತಾಳೆ.

ದೂರ ಮತ್ತು ದುಡ್ಡು ಗಂಡು-ಹೆಣ್ಣಿನ ಅಂತರವನ್ನು ಹೇಗೆ ಹಿಗ್ಗಿಸುತ್ತವೆ ಎಂಬುದಕ್ಕೆ ದೇಶದಲ್ಲಿ ಎರಡು ಒಳ್ಳೆಯ ಅಧ್ಯಯನಗಳಿವೆ. ದಿಲ್ಲಿಯ ಏಮ್ಸ್ ಆಸ್ಪತ್ರೆಯ 2016ರ ಸುಮಾರು 23.7 ಲಕ್ಷ ಹೊರರೋಗಿ ಭೇಟಿಗಳನ್ನು ಪರಿಶೀಲಿಸಿದಾಗ ಪ್ರತಿ ಹೆಣ್ಣಿಗೆ 1.69 ಗಂಡಸರು ಬಂದಿದ್ದರು. ರೋಗಿಗಳು ದೂರದ ರಾಜ್ಯದವರಾದಷ್ಟೂ ಹೆಣ್ಣಿನ ಪಾಲು ಕುಗ್ಗಿತ್ತು. ರಾಜಸ್ಥಾನದ ಉಚಿತ ಆರೋಗ್ಯ ವಿಮೆಯನ್ನು ಪಾಸ್ಕಲಿನ್ ದುಪಾ ಮತ್ತು ರಾಧಿಕಾ ಜೈನ್ ಪರಿಶೀಲಿಸಿದಾಗ, ಹತ್ತು ವರ್ಷದೊಳಗಿನವರ ಆಸ್ಪತ್ರೆ ಭೇಟಿಗಳಲ್ಲಿ ಹೆಣ್ಣುಮಕ್ಕಳದು ಸುಮಾರು ಮೂರನೆಯ ಒಂದು ಪಾಲು ಮಾತ್ರ ಎಂದು ಕಂಡಿತು. ಚಿಕಿತ್ಸೆ ಉಚಿತವಾದರೂ ಬಸ್ಸಿನ ಚಾರ್ಜು, ಊಟ, ಜೊತೆಗೆ ಹೋದವರ ಕಳೆದ ಕೂಲಿ ಉಚಿತವಾಗುವುದಿಲ್ಲ. ಗಂಡುಮಗುವಿಗಾಗಿ ಆ ಖರ್ಚು ಮಾಡುವ ಮನೆ ಹೆಣ್ಣುಮಗುವಿಗಾಗಿ ಮಾಡಲು ಹಿಂದೆಮುಂದೆ ನೋಡುತ್ತದೆ.

ಹಾಗೆಂದು ವಿಮೆಗೆ ಬೆಲೆಯಿಲ್ಲ ಎನ್ನುವಂತಿಲ್ಲ. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲೇ ಮೊದಲು ಶುರುವಾಯಿತು. ಯೋಜನೆ ಇದ್ದ 300 ಹಳ್ಳಿಗಳನ್ನೂ ಇನ್ನೂ ಬಾರದಿದ್ದ 272 ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು: ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಶೇ. 64ರಷ್ಟು ಕಡಿಮೆಯಾಗಿತ್ತು. ಆ ಯೋಜನೆ ಹಳ್ಳಿಗಳಲ್ಲೇ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿ ಕಳಿಸುತ್ತಿತ್ತು ಎಂಬುದನ್ನು ಮರೆಯಬಾರದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ; ಆದರೆ ತುರ್ತು ಪ್ರಸಂಗ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಗುಳೆ ಹೋದ ಗಂಡನಿಲ್ಲದೆ, ಓದು ಬಾರದ ಹೆಣ್ಣು ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಮತ್ತೆ ಖಾಸಗಿ ಆಸ್ಪತ್ರೆ ಎಂದು ಮೂರು ಕಡೆ ತಿರುಗಬೇಕಾದಾಗ ಅರ್ಧದಲ್ಲೇ ಮನೆಗೆ ಮರಳುತ್ತಾಳೆ. ದುಡ್ಡು ಕಟ್ಟಿ ಹೋಗುವುದಾದರೆ, 2017-18ರ ಲೆಕ್ಕದಲ್ಲೇ ದೇಶದಲ್ಲಿ ಖಾಸಗಿ ಆಸ್ಪತ್ರೆಗೆ ಒಮ್ಮೆ ದಾಖಲಾದರೆ ಸರಾಸರಿ ವೆಚ್ಚ ಸುಮಾರು 31,800 ರೂಪಾಯಿ, ಸರ್ಕಾರಿಯಲ್ಲಿ 4,450.

ದಾರಿಯ ಖರ್ಚಿಗೆ ಕೈಹಾಕಿದ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ. ಹೆಂಗಸರ ಬಸ್ ಪ್ರಯಾಣ ಉಚಿತವಾದಾಗ ಅದನ್ನು ಬರೀ ತಿರುಗಾಟದ ಯೋಜನೆಯೆಂದು ಹೀಗಳೆದವರಿದ್ದರು. ಮುದ್ದೇಬಿಹಾಳದ ಹಳ್ಳಿಯೊಂದರ ಹೆಣ್ಣು ಬಿಪಿ ಗುಳಿಗೆಗೆ ತಿಂಗಳಿಗೊಮ್ಮೆ ತಾಲ್ಲೂಕಿಗೆ, ಮೂರು ತಿಂಗಳಿಗೊಮ್ಮೆ ವಿಜಯಪುರಕ್ಕೆ ಯಾರ ಕೈಯನ್ನೂ ನೋಡದೆ ಹೋಗಿಬರಬಲ್ಲಳು ಎಂಬುದು ಆರೋಗ್ಯ ಸೇವೆಯ ದೃಷ್ಟಿಯಿಂದ ಸಣ್ಣ ಮಾತಲ್ಲ. ಆದರೆ ಇಂಡಿಯ ಹೆಣ್ಣಿಗೆ ಹತ್ತಿರವಾದ ಸೊಲ್ಲಾಪುರದ ಆಸ್ಪತ್ರೆಗೆ ಹೋಗಲು ಟಿಕೆಟ್ ತೆಗೆಸಲೇಬೇಕು. ರಾಜ್ಯದ ಗಡಿ ಕಾಯಿಲೆಗೆ ಗೊತ್ತಿಲ್ಲ, ಬಸ್ಸಿಗೆ ಗೊತ್ತಿದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಆಗಬೇಕಾದ ಕೆಲಸಗಳಿಗೆ ದೊಡ್ಡ ಕಟ್ಟಡ ಬೇಕಿಲ್ಲ. ಹೊರರೋಗಿ ವಿಭಾಗ ವಾರಕ್ಕೆ ಎರಡು ದಿನವಾದರೂ ಸಂಜೆ ಏಳೆಂಟರವರೆಗೆ ತೆರೆದಿರಲಿ. ಕೂಲಿಗೆ ಹೋಗುವ ಗಂಡಸರೂ ಹೆಂಗಸರೂ ಬರುತ್ತಾರೆ. ಸಂತೆಯ ದಿನ ಸ್ತ್ರೀರೋಗ ತಜ್ಞೆ ರಜೆಯಲ್ಲಿರಬಾರದು. ಮಗುವಿನ ಚುಚ್ಚುಮದ್ದಿಗೆ ಬಂದ ತಾಯಿಗೆ ಅಲ್ಲೇ ಬಿಪಿ, ರಕ್ತ ನೋಡಿ, ಆಕೆಯ ಹೆಸರಿನಲ್ಲೂ ಒಂದು ಚೀಟಿ ಬರೆಯಬೇಕು. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಗರ್ಭಿಣಿ, ಬಾಣಂತಿಯರ ಜೊತೆಗೆ ನಲವತ್ತು ದಾಟಿದ ಹೆಂಗಸರ ಮತ್ತು ಒಂಟಿ ಮುದುಕಿಯರ ಹೆಸರೂ ಸೇರಬೇಕು, ಆ ಕೆಲಸಕ್ಕೆ ಆಕೆಗೆ ತಕ್ಕ ಹಣವೂ ಸಿಗಬೇಕು. ಗುಳೆಯಿಂದ ಮರಳುವ ಕಾಲಕ್ಕೆ ಹಳ್ಳಿಗಳಲ್ಲಿ ಗಂಡಸರಿಗಾಗಿ ಕಫ, ಸಕ್ಕರೆ, ಬಿಪಿ ತಪಾಸಣೆ ನಡೆಯಬೇಕು.

ಇದಕ್ಕಿಂತ ಮೊದಲು ಆಗಬೇಕಾದದ್ದು ಲೆಕ್ಕ. ತಾಲ್ಲೂಕು ಆಸ್ಪತ್ರೆಗಳು ಪ್ರತಿ ತಿಂಗಳೂ ಮೇಲಿನ ಕಚೇರಿಗೆ ಕಳಿಸುವ ವರದಿಯಲ್ಲಿ ಹೆರಿಗೆಯನ್ನು ಬೇರೆಯಾಗಿಟ್ಟು, ಉಳಿದ ಒಳರೋಗಿ ಮತ್ತು ಹೊರರೋಗಿಗಳನ್ನು ಐದೈದು ವರ್ಷಗಳ ವಯೋಗುಂಪಿನಲ್ಲಿ, ಗಂಡು-ಹೆಣ್ಣು ಬೇರೆ ಮಾಡಿ, ಊರಿನ ಹೆಸರಿನೊಂದಿಗೆ ಕೊಡುವುದು ಕಷ್ಟವಲ್ಲ. ಚೀಟಿ ಬರೆಯುವ ಕಂಪ್ಯೂಟರಿನಲ್ಲೇ ಅದೆಲ್ಲ ಇದೆ. ತಾಲ್ಲೂಕಿನ ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೂರುವ ಜನಪ್ರತಿನಿಧಿಗಳು ಮುಂದಿನ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ: ಹೆರಿಗೆ ಬಿಟ್ಟು, ಮೂವತ್ತೈದು ದಾಟಿದ ಎಷ್ಟು ಹೆಂಗಸರು ಕಳೆದ ತಿಂಗಳು ಈ ದವಾಖಾನೆಗೆ ಬಂದರು, ಯಾವ ಊರುಗಳಿಂದ ಒಬ್ಬರೂ ಬರಲಿಲ್ಲ?